ಉಂಡ ಮೇಲಿನ ಚಹಾ

ಆಗ ಶಹಾಬಾದಿನ ನಮ್ಮ ಓಣಿಗೆ ಬೆಳಗಾಗುತ್ತಿದ್ದದ್ದು ಚಹಾದ ವಾಸನೆಯಿಂದ. ಪರಸಿ ಕಲ್ಲಿನ ಕಟ್ಟೆಯ ಮೇಲೆ ಕೂತು ಜೋಳದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನದವರೇ ಇರಲಿಲ್ಲ. ತಲೆನೋವಿಗೆ ಚಹಾ, ದಣಿವಿಗೆ ಚಹಾ, ಬೀಗರು ಬಂದರೆ ಚಹಾ, ಅವರು ಜಗಳ ಮಾಡಿ ಹೋದ ಮೇಲೂ ಚಹಾ. ನೀವೂ ಹೀಗೆ ಬೆಳೆದವರಾದರೆ ನಗುತ್ತೀರಿ. ನನಗೆ ಮಾತ್ರ ಎಂಟನೆಯ ತರಗತಿಯ ಮಳೆಗಾಲ ನೆನಪಾಗುತ್ತದೆ.

ಆ ವರ್ಷ ಚಿತ್ತಾಪುರದ ತಾಲೂಕು ಕ್ರೀಡಾಕೂಟದಲ್ಲಿ ಎಂಟುನೂರು ಮೀಟರ್ ಓಟಕ್ಕೆ ನಾನೇ ಮೊದಲು ಬಂದೆ. ಗೆರೆ ದಾಟಿದ್ದು ನೆನಪಿದೆ. ಆಮೇಲೆ ಕಣ್ಣಿಗೆ ಕತ್ತಲೆ ಕಟ್ಟಿತು. ಎಚ್ಚರಾದಾಗ ಬಾಯಲ್ಲಿ ಮಣ್ಣು, ಮುಖದ ಮೇಲೆ ನೀರು. ನಮ್ಮ ಪಿ.ಟಿ. ಸರ್ ಬಗ್ಗಿ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು.

"ಪೂರಾ ಬೆಳ್ಳಗ ಆಗ್ಯಾವ. ರಕ್ತಾನೇ ಇಲ್ಲ ನಿನ್ನ ಮೈಯಾಗ," ಎಂದರು. "ದವಾಖಾನ್ಯಾಗ ತೋರ್ಸು. ಜಿಲ್ಲಾ ಓಟಕ್ಕ ಇನ್ನಾ ಎರಡು ತಿಂಗಳ ಅದ. ಅಷ್ಟ್ರಾಗ ರಕ್ತ ಹತ್ತಕ್ಕ ಏರಿದ್ರ ಕಲಬುರ್ಗಿಗಿ ಕರ್ಕೊಂಡ ಹೋಗ್ತೀನಿ. ಇಲ್ಲಾಂದ್ರ ಇಲ್ಲ. ಓಡ್ಕೋತ ಸತ್ತಗಿತ್ತಿ ಅಂದ್ರ ನಿಮ್ಮಪ್ಪಗ ನಾ ಏನ್ ಹೇಳ್ಲಿ?"

ಸರ್ ಆ ಮಾತನ್ನು ಸಹಜವಾಗಿ ಅಂದುಬಿಟ್ಟರು. ಹದಿಮೂರರ ನನ್ನ ಕಿವಿಯಲ್ಲಿ ಅದು ಮನೆ ಮಾಡಿಕೊಂಡಿತು. ಸತ್ತಗಿತ್ತಿ!

ಅವ್ವನ ಜೊತೆ ಹೋದಾಗ ದವಾಖಾನೆಯ ಸಿಸ್ಟರ್ ಬೆರಳಿಗೆ ಸೂಜಿ ಚುಚ್ಚಿ, ಹಿಮೋಗ್ಲೋಬಿನ್ ನೋಡಿ, "ಎಂಟು," ಎಂದರು. ಕೆಂಪು ಗುಳಿಗೆ ಕೊಟ್ಟು, ಸೊಪ್ಪು ಕಾಳು ಚೆನ್ನಾಗಿ ತಿನ್ನಿಸಲು ಹೇಳಿದರು. ಹೊರಗೆ ಬಂದ ಕೂಡಲೇ ಅವ್ವ ನನ್ನ ಕೈ ಹಿಡಿದು, "ನಿಮ್ಮಪ್ಪಗ ಹೇಳ್ಬ್ಯಾಡ ರೇಣು. ಓಡೂದೇ ಬಿಡಸ್ತಾನ," ಎಂದಳು. "ಗುಳಿಗಿ ಗುಳಿಗಿ ಕೆಲಸ ಮಾಡ್ಲಿ, ನನ್ನ ಒಲಿ ಒಲಿ ಕೆಲಸ ಮಾಡ್ತದ. ಹೆಂಗ ಏರಲ್ಲ ನೋಡ್ತೀನಿ."

ಅವ್ವ ಅಂದರೆ ಅಂದಂತೆ ಮಾಡುವವಳು. ಬೆಳಗಿನ ಓಟದಿಂದ ಬಂದೆನೆಂದರೆ ಮೊಳಕೆ ಬಂದ ಮಡಕಿ ಕಾಳು, ಮೇಲೆ ಹೆಚ್ಚಿದ ಉಳ್ಳಾಗಡ್ಡಿ. ಮಧ್ಯಾಹ್ನಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತೊಗರಿಬೇಳೆ ಮತ್ತು ಜೋಳದ ನುಚ್ಚು ಹಾಕಿ ಕುದಿಸಿದ ಹುಳಿಸೊಪ್ಪಿನ ಪುಂಡಿಪಲ್ಯ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ಬೆಳ್ಳುಳ್ಳಿ ಒಗ್ಗರಣೆ ಚುರ್ ಅಂದರೆ ಪಕ್ಕದ ಮನೆಯವರ ಬಾಯಲ್ಲೂ ನೀರು ಬರುತ್ತಿತ್ತು. ರಾತ್ರಿ ಊಟಕ್ಕೆ ರಾಜಗಿರಿ ಸೊಪ್ಪಿನ ಪಲ್ಯ. ಬಾಯಾಡಿಸಲು ಬೆಲ್ಲ, ಹುರಿದ ಶೇಂಗಾ. ಪ್ರತಿ ಊಟ ಮುಗಿದ ಮೇಲೆ ಗುಳಿಗೆ. ಗುಳಿಗೆ ಗಂಟಲಲ್ಲಿ ಇಳಿಯಲು, ಓಡುವ ಹುಡುಗಿಗೆ ತ್ರಾಣ ಬರಲು, ಒಂದು ದೊಡ್ಡ ಲೋಟ ಖಡಕ್ ಚಹಾ.

ನನಗೋ ದಿನವಿಡೀ ಹೆದರಿಕೆ. ಕಿಸೆಯಲ್ಲಿ ಕನ್ನಡಿಯ ಚೂರು ಇಟ್ಟುಕೊಂಡು, ಶಾಲೆಯ ಹಿಂದೆ ನಿಂತು ರೆಪ್ಪೆ ಎಳೆದು ನೋಡುತ್ತಿದ್ದೆ. ಸ್ಟೇಷನ್ನಿನ ಆಚೆಯ ಮೈದಾನದಲ್ಲಿ ಸರ್ ಹೇಳಿದಂತೆ ಮೆಲ್ಲಗೆ ಓಡುವಾಗಲೂ ಮುಂದಿನ ತಿರುವಿನಲ್ಲಿ ಆ ಕತ್ತಲೆ ಕಾದು ಕೂತಿದೆ ಅನಿಸುತ್ತಿತ್ತು. ಗೂಡ್ಸ್ ಗಾಡಿ ಕೂಗಿದರೆ ಸಾಕು, ಓಟ ನಿಲ್ಲಿಸಿಬಿಡುತ್ತಿದ್ದೆ. ಮನೆಯಲ್ಲಿ ಅವ್ವ ಒಲೆಯ ಮುಂದಿನಿಂದ ಏಳುವಾಗ ಒಮ್ಮೊಮ್ಮೆ ಗೋಡೆ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. "ಏನಾತವ್ವ?" ಎಂದರೆ, "ಹೊಗಿ ಭಾಳ ಆಗ್ಯಾದ," ಎನ್ನುತ್ತಿದ್ದಳು. ನಾನು ನನ್ನ ಕನ್ನಡಿಯ ಚೂರಿಗೆ ಮರಳುತ್ತಿದ್ದೆ.

ತಿಂಗಳಾದ ಮೇಲೆ ಮತ್ತೆ ದವಾಖಾನೆಗೆ ಹೋದೆವು. ಅವ್ವ ಹೊಸ ಸೀರೆ ಉಟ್ಟಿದ್ದಳು, ಬಹುಮಾನ ತೆಗೆದುಕೊಳ್ಳಲು ಹೊರಟವಳ ಹಾಗೆ. ಸಿಸ್ಟರ್ ಚುಚ್ಚಿದರು, ನೋಡಿದರು, ಇನ್ನೊಂದು ಬೆರಳಿಗೆ ಚುಚ್ಚಿ ಮತ್ತೆ ನೋಡಿದರು.

"ಎಂಟರ ಮ್ಯಾಲ ಸರದೇ ಇಲ್ಲಲ್ರಿ. ಏನ್ ತಿನಸ್ಲಾಕತ್ತೀರಿ?"

ಅವ್ವ ಪುಂಡಿಪಲ್ಯದಿಂದ ಬೆಲ್ಲದವರೆಗೆ ಒಂದೂ ಬಿಡದೆ ಹೇಳಿದಳು. ಸಿಸ್ಟರಿಗೂ ಅರ್ಥವಾಗಲಿಲ್ಲ.

"ಎಲ್ಲಾ ಛಲೋನೇ ಅದಲ್ಲ. ಗುಳಿಗಿ ಯಾವುದ್ರಾಗ ನುಂಗ್ತಾಳ?"

"ಚಾದಾಗ್ರಿ. ಉಂಡ ಕೂಡ್ಲೇ ಒಂದು ಲೋಟ ಖಡಕ್ ಚಾ ಕೊಡ್ತೀನ್ರಿ."

ಸಿಸ್ಟರ್ ಹಣೆ ಬಡಿದುಕೊಂಡರು. "ಅಯ್ಯೋ ನಮ್ಮವ್ವಾ! ಕಾಳು ಪಲ್ಯಾ ಕೊಟ್ಟಿದ್ದು ಆ ಚಾ ಮೈಗಿ ಹತ್ತಗೊಡಲ್ರಿ. ಉಂಡ ಎರಡು ತಾಸ ಚಾ ಹೆಸರು ಎತ್ತಬ್ಯಾಡ್ರಿ. ನಿಂಬಿಹಣ್ಣ ಹಿಂಡಿ ಉಣ್ಲಿ. ಗುಳಿಗಿ ನೀರಾಗ ನುಂಗ್ಲಿ."

ಅವ್ವ ಗೋಡೆ ಹಿಡಿದುಕೊಂಡಳು. "ನಾನೇ ಮಾಡಿದ್ನಲ್ರಿ, ನನ್ನ ಕೈಯಾರೆ," ಎನ್ನುತ್ತ ಕಣ್ಣು ಮುಚ್ಚಿದಳು. ಅಲ್ಲಿ ಒಲೆಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಸಿಸ್ಟರ್ ಅವಳನ್ನೇ ನೋಡಿ, "ನೀವು ಕುಂದ್ರಿ. ಕೈ ಕೊಡ್ರಿ ಇಲ್ಲಿ," ಎಂದರು.

ಹಿತ್ತಲಲ್ಲಿ ಹಾವು ಕಂಡರೆ ಕೋಲಿನಿಂದ ಆಚೆ ಅಟ್ಟುತ್ತಿದ್ದ ಅವ್ವ ಕೈಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. "ನಂಗ್ಯಾಕ್ರಿ, ಬ್ಯಾಡ್ರಿ," ಎಂದಳು. ಸಿಸ್ಟರ್ ಬಿಡಲಿಲ್ಲ. ಸೆರಗಿನಿಂದ ಕೈ ಎಳೆದು ಚುಚ್ಚಿ ನೋಡಿದರು.

"ಏಳೂ ಇಲ್ಲ. ಮಗಳಕಿಂತ ಕಮ್ಮಿ ಅದಲ್ರಿ. ನಿಮಗ್ಯಾರೂ ತೋರ್ಸಿಲ್ಲೇನು?"

ಅವ್ವ ನಗಲು ನೋಡಿದಳು. "ನಾ ಏನ್ ಓಡ್ತೀನೇನ್ರಿ?"

ಆ ಕ್ಷಣ ನನ್ನ ಹೆದರಿಕೆ ನನ್ನನ್ನು ಬಿಟ್ಟು ಅವ್ವನ ಮೇಲೆ ಹೋಗಿ ಕೂತಿತು. ಸರ್ ಅಂದ 'ಸತ್ತಗಿತ್ತಿ' ಎಂಬ ಆ ಮಾತು ಕೂಡ. ಎಲ್ಲರೂ ಉಂಡ ಮೇಲೆ ಅವಳು ಏನು ಉಣ್ಣುತ್ತಾಳೆಂದು ನಾನು ಎಂದೂ ನೋಡಿರಲಿಲ್ಲ ಎನ್ನುವುದು ಸುಳ್ಳು. ನೋಡಿದ್ದೆ. ಪಲ್ಯದ ಬೋಗುಣಿಯನ್ನು ನನ್ನ ತಾಟಿಗೇ ಬಳಿದು ಹಾಕಿ, ಅವಳು ಉಳಿದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು. ಅವಳಿಗೆ ಚಹಾ ಇಷ್ಟ ಅಂದುಕೊಂಡಿದ್ದೆ.

ಸಿಸ್ಟರ್ ದೊಡ್ಡ ಡಾಕ್ಟರಿಗೆ ತೋರಿಸಲು ಚೀಟಿ ಬರೆದರು, ಅವಳಿಗೂ ಗುಳಿಗೆ ಕೊಟ್ಟರು. ಮನೆಗೆ ಬಂದು ಊಟದ ಹೊತ್ತಿಗೆ ನಾನು ಇಬ್ಬರಿಗೂ ಸೇರಿ ಒಂದೇ ತಾಟು ಹಾಕಿ, ಒಂದು ನಿಂಬೆಹಣ್ಣನ್ನು ಎರಡು ಹೋಳು ಮಾಡಿ ಇಟ್ಟೆ.

"ನಿಮ್ಮಪ್ಪ ಇನ್ನಾ ಉಂಡಿಲ್ಲ. ನಾ ಹೆಂಗ ಉಣ್ಲಿ?"

"ನೀ ಉಣ್ಣಲ್ಲಂದ್ರ ನಾ ಓಡಲ್ಲ," ಎಂದೆ. ಹೇಳುವಾಗ ಅಳು ಬಂತು. "ಅಪ್ಪಗ ಎಲ್ಲಾ ಹೇಳಿಬಿಡ್ತೀನಿ."

ಅಪ್ಪ ಬಾಗಿಲಲ್ಲೇ ನಿಂತಿದ್ದ. ಮೈಯೆಲ್ಲ ಕಲ್ಲಿನ ಧೂಳು. ಏನು ಹೇಳಬೇಕೆಂದು ಕೇಳಿದ, ನಾನು ಹೇಳಿದೆ. ಓಟ ಬಿಡಿಸುತ್ತಾನೆಂದು ಕಣ್ಣು ಮುಚ್ಚಿಕೊಂಡೆ. ಅವನು ಕೈಕಾಲು ತೊಳೆದು ಬಂದು ಗೋಡೆಗೆ ಒರಗಿ ಕೂತು, "ಮೊದಲ ಇಬ್ರೂ ಉಣ್ರಿ. ಆಮ್ಯಾಲ ನಾ," ಎಂದ.

ಅಂದಿನಿಂದ ನಾನು ಅವ್ವನ ಕಾವಲುಗಾರ್ತಿ. ಅವಳ ಬಾಯಿಗೆ ಹೋದ ತುತ್ತು ಎಣಿಸುತ್ತಿದ್ದೆ. ಚಹಾ ಸಂಜೆ ನಾಲ್ಕಕ್ಕೆ ಸರಿಯಿತು. ಅದಿಲ್ಲದೆ ತಲೆ ಒಡೆಯುತ್ತಿದೆ ಎಂದು ಅವ್ವ ನನ್ನನ್ನು ಮನಸಾರೆ ಬೈದಳು, ಆದರೆ ಕುಡಿಯಲಿಲ್ಲ. ರಾತ್ರಿ ಅವಳ ಉಸಿರು ಕೇಳುತ್ತ ಮಲಗುತ್ತಿದ್ದೆ.

ಇನ್ನೊಂದು ತಿಂಗಳಿಗೆ ನನ್ನದು ಹತ್ತು ದಾಟಿತು. ಅವ್ವನದು ಎಂಟಕ್ಕೆ ಬಂದಿತ್ತು. ಕಲಬುರ್ಗಿಯಲ್ಲಿ ನಾನು ನಾಲ್ಕನೆಯವಳಾದೆ. ಕೊನೆಯ ತಿರುವಿನಲ್ಲಿ ಕತ್ತಲೆ ಬರಲಿಲ್ಲ, ಬಂದದ್ದು ಒಂದೇ ಯೋಚನೆ: ನಾನಿಲ್ಲದ ದಿನ ಅವ್ವ ಉಂಡಳೋ ಇಲ್ಲವೋ. ಸಂಜೆ ಸ್ಟೇಷನ್ನಿನಿಂದ ಮನೆಗೆ ಓಡಿ ಬಂದೆ. "ಓಟ ಏನಾತು?" ಎಂದು ಅವಳೂ, "ಉಂಡೇನವ್ವ?" ಎಂದು ನಾನೂ ಒಟ್ಟಿಗೇ ಕೇಳಿದೆವು. ಅವ್ವ ಒಳಗೆ ಹೋಗಿ ತೊಳೆಯದ ತಾಟು ತಂದು ತೋರಿಸಿದಳು. ಅದರ ಅಂಚಿಗೆ ಹಿಂಡಿದ ಅರ್ಧ ನಿಂಬೆಹಣ್ಣು ಇತ್ತು. ನಾನು ನಂಬಬೇಕೆಂದು ಮಧ್ಯಾಹ್ನದಿಂದ ಹಾಗೇ ಇಟ್ಟಿದ್ದಳು.

ಈಗ ನಾನು ಸೇಡಂನಲ್ಲಿ ಪಿ.ಟಿ. ಟೀಚರ್. ಓಡುವ ಹುಡುಗಿಯರ ರೆಪ್ಪೆ ಎಳೆದು ನೋಡುತ್ತೇನೆ, ಮಡಕಿ ಕಾಳಿನ ಡಬ್ಬಿ ಒಯ್ಯುತ್ತೇನೆ, ನಿಮ್ಮವ್ವ ಏನು ಉಂಡಳು ಎಂದು ಮೊದಲು ಕೇಳುತ್ತೇನೆ. ಅವರು ನಗುತ್ತಾರೆ. ಹೋದ ವಾರ ಶಾಲೆಗೆ ಬಂದ ಸಿಸ್ಟರ್ ನನ್ನ ಬೆರಳಿಗೂ ಚುಚ್ಚಿ, "ಹನ್ನೆರಡು, ಭಾಳ ಛಲೋ ಅದ ಟೀಚರ್," ಎಂದರು. ಹೇಳಲೆಂದು ಫೋನ್ ಕೈಗೆ ತೆಗೆದುಕೊಂಡ ಮೇಲೆ ನೆನಪಾಯಿತು, ಅವ್ವ ಹೋಗಿ ಎರಡು ವರ್ಷವಾಯಿತೆಂದು. ಊಟದ ಹೊತ್ತಿಗೆ ಅವ್ವ ಉಂಡಳೋ ಇಲ್ಲವೋ ಎಂಬ ಹೆದರಿಕೆ ಈಗ ನನಗಿಲ್ಲ. ಆ ಹೆದರಿಕೆ ಒಂದೇ ಒಂದು ದಿನ ಮರಳಿ ಬಂದರೆ ಸಾಕು ಅನಿಸುತ್ತದೆ.