ಕೊನೆಯ ಬೆಂಚಿನ ತಂಬಿಗೆ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಇನ್ನೂ ಮುಂಬೆಳಗು. ರಾಮದುರ್ಗದ ಬಸ್ಸು ಬಂದು ನಿಲ್ಲುವ ಕಡೆ ಕಟ್ಟೆಯ ಮೇಲೆ ಕುಳಿತಿರುವ ಸಂಘಮಿತ್ರಾ, ಮನೆಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದ ತಾಮ್ರದ ತಂಬಿಗೆಯನ್ನು ಸೆರಗಿನಿಂದ ಮತ್ತೊಮ್ಮೆ ಒರೆಸುತ್ತಿದ್ದಾರೆ. ಹೂ ಮಾರುವ ಗುರುಬಸವ್ವನಿಗೆ ಇದು ಪರಿಚಿತ ನೋಟ; ಆದರೂ ಕೆಣಕದೆ ಬಿಡುವವಳಲ್ಲ.

“ಇಷ್ಟ ಮುಂಜಾನಿ ತಂಬಿಗಿ ಹಿಡಕೊಂಡು ರಾಮದುರ್ಗತನಕಾ ಹೋಗಬೇಕೇನ್ರಿ ಬಾಯಾರ? ಹೊಲಾ ಇಲ್ಲೇ ಹತ್ರ ಅದಾವಲ್ಲ.”

ಸಂಘಮಿತ್ರಾ ನಗುತ್ತಾರೆ. ಇಂದು ಆ ನಗು ತುಟಿಯಲ್ಲೇ ನಿಲ್ಲುತ್ತದೆ. ಅವರು ಹೊರಟಿರುವುದು ತಮ್ಮ ಉಪನ್ಯಾಸಮಾಲೆಯ ಕಡೆಯ ಪಾಠಕ್ಕೆ. ಮುಂದಿನ ವರ್ಷ ಆ ಮಾಲೆ ಇರುವುದಿಲ್ಲ.

ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ಇವರು ವಿಶ್ವವಿದ್ಯಾಲಯದ ಪರವಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಸರದಿಯಂತೆ ಭಾನುವಾರಗಳಂದು ಪಾಠ ಹೇಳುತ್ತ ಬಂದಿದ್ದಾರೆ. ವಿಷಯ ಸಾರ್ವಜನಿಕ ಆಯ್ಕೆಯ ಅರ್ಥಶಾಸ್ತ್ರ. ಅಧಿಕಾರದಲ್ಲಿ ಕುಳಿತವರೂ ಮತ ಹಾಕುವವರೂ ಸಂತೆಯಲ್ಲಿ ನಿಂತವರಂತೆಯೇ ತಮ್ಮ ಲಾಭನಷ್ಟ ನೋಡುತ್ತಾರೆ. ಒಟ್ಟಾಗಿರುವ ಕೆಲವರ ಲಾಭದ ಎದುರು ಚದುರಿಹೋದ ಹಲವರ ನಷ್ಟ ಸೋಲುತ್ತದೆ. ಇದು ಅದರ ತಿರುಳು. ಯಾರು ಬೇಕಾದರೂ ಬಂದು ಕೇಳಬಹುದು. ವಿದ್ಯಾರ್ಥಿಗಳ ನಡುವೆ ರೈತರು, ದರ್ಜಿಗಳು, ಬಸ್ ಚಾಲಕರು ಕೂರುತ್ತಾರೆ.

ತಂಬಿಗೆಯೇ ಇವರ ಮೊದಲ ಪಾಠ. ನೀರು ತುಂಬಿ ಮುಂದಿನ ಬೆಂಚಿಗೆ ಕೊಟ್ಟು, ಹಿಂದಕ್ಕೆ ದಾಟಿಸಲು ಹೇಳುತ್ತಾರೆ. ತುಟಿ ತಾಗಿಸದೆ ಎತ್ತಿ ಕುಡಿಯುವ ಈ ಸೀಮೆಯ ರೂಢಿಯಲ್ಲಿ ಎಷ್ಟು ಕುಡಿದೆವೆಂಬ ಅಂದಾಜು ಸಿಗುವುದಿಲ್ಲ. ಕೊನೆಯ ಬೆಂಚಿಗೆ ಪ್ರತಿಬಾರಿಯೂ ತಲುಪುವುದು ಬರಿದಾದ ಪಾತ್ರೆ. ಆಗ ತುದಿಯ ಹೊಲಕ್ಕೆ ನೀರು ಮುಟ್ಟದ ಕಾಲುವೆಯ ಮಾತು ತೆಗೆಯುತ್ತಾರೆ.

ಆ ಕಾಲುವೆ ಅವರ ಮನೆಯ ಕಥೆಯೂ ಹೌದು. ಮುರಗೋಡದವರಾದ ತಂದೆ ಶಟ್ಟೆಪ್ಪ ನವಿಲುತೀರ್ಥ ಅಣೆಕಟ್ಟಿನ ಕೆಳಗೆ ಕಾಲುವೆಯ ಗೇಟು ಎತ್ತಿಳಿಸುವ ದಿನಗೂಲಿ ಮಾಡುತ್ತಿದ್ದರು. “ಮ್ಯಾಲಿನ ಹೊಲದವರು ಗುಂಪು ಕಟ್ಟಿ ಬರತಿದ್ರು. ತುದೀ ಹೊಲದವರು ಒಬ್ಬೊಬ್ಬರ ಬರತಿದ್ರು, ಅದೂ ಇನ್ನೊಬ್ಬರ ಮ್ಯಾಲ ದೂರು ಹೇಳಾಕ. ನಮ್ಮಪ್ಪಗ ಈ ತುದಿಯವರ ಸಲುವಾಗಿ ಭಾಳ ಸಂಕಟಾ ಆಗತಿತ್ತು” ಎಂದು ಸಂಘಮಿತ್ರಾ ನೆನೆಯುತ್ತಾರೆ. ಆ ಸಂಕಟಕ್ಕೆ ಶಾಸ್ತ್ರದಲ್ಲಿ ಹೆಸರಿದೆಯೆಂದು ತಿಳಿದ ದಿನವೇ ತಮ್ಮ ಓದಿನ ದಾರಿ ಖಚಿತವಾಯಿತೆನ್ನುತ್ತಾರೆ.

ಕಳೆದ ತಿಂಗಳು ಸವದತ್ತಿಯಲ್ಲಿ ಒಂದು ಸಭೆ ಸೇರಿತು. ಉಪನ್ಯಾಸಮಾಲೆಯನ್ನು ಮುಂದುವರಿಸಬೇಕೆ, ಅಥವಾ ಆ ಭಾನುವಾರಗಳನ್ನು ನೌಕರಿ ಪರೀಕ್ಷೆಯ ತರಬೇತಿಗೆ ಬಿಟ್ಟುಕೊಡಬೇಕೆ ಎಂದು ಕೇಳುಗರ ಅಭಿಪ್ರಾಯ ಪಡೆಯುವ ಸಭೆ. ತರಬೇತಿ ಬೇಕೆಂದವರು ಕೆಲವರೇ, ಆದರೆ ಜೊತೆಗೂಡಿ ಬಂದರು. ಉಪನ್ಯಾಸ ಕೇಳುತ್ತಿದ್ದವರಲ್ಲಿ ನಾಲ್ಕು ಊರುಗಳಿಂದಲೂ ಒಬ್ಬರೂ ಬರಲಿಲ್ಲ. ಭಾನುವಾರಗಳು ತರಬೇತಿಯ ಪಾಲಾದವು.

ಕಿತ್ತೂರಿನ ದರ್ಜಿ ಬುಡನಸಾಬರು ಒಂದು ಪಾಠವನ್ನೂ ತಪ್ಪಿಸಿದವರಲ್ಲ. ಇಂದು ರಾಮದುರ್ಗಕ್ಕೂ ಜೊತೆಗೆ ಹೊರಟಿದ್ದಾರೆ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳುತ್ತಾರೆ: “ಸವದತ್ತಿಯವರಿಗೆ ಊರಾಗಿನ ಸಭಾ, ಅವರು ಹೋಗೇ ಹೋಗತಾರ ಅಂತ ನಾ ಮಷೀನ್ ಬಿಟ್ಟು ಏಳಲಿಲ್ರಿ. ಅವರು ನೋಡಿದ್ರ, ಕಿತ್ತೂರ ಮಂದಿ ಮಾತಿನಾಗ ಜೋರು, ಅವರ ಬರತಾರ ಅಂದ್ರಂತ.”

ಇನ್ನೊಬ್ಬರು ಹೋದಾರೆಂದು ಎಲ್ಲರೂ ಹಿಂದುಳಿಯುವ ಈ ಬಗೆಯನ್ನು ಅವರೆಲ್ಲ ಇದೇ ಮಾಲೆಯಲ್ಲಿ ಕೇಳಿ ತಲೆದೂಗಿದ್ದರು. ಶ್ರವಣ, ಮನನ, ನಿದಿಧ್ಯಾಸನ ಎಂದು ಹಿರಿಯರು ವಿದ್ಯೆಗೆ ಮೂರು ಮೆಟ್ಟಿಲು ಹೇಳಿದ್ದಾರೆ. ಕೇಳಿದ್ದಾಯಿತು, ಚಿಂತಿಸಿದ್ದೂ ಆಯಿತು. ಕೇಳಿದ್ದರಲ್ಲಿ ನೆಲೆನಿಲ್ಲುವ ಮೂರನೆಯ ಮೆಟ್ಟಿಲು ಹಾಗೆಯೇ ಉಳಿಯಿತು.

ಸಭೆಯ ವಿಚಾರ ಸಂಘಮಿತ್ರಾ ಅವರಿಗೆ ಮೊದಲೇ ಗೊತ್ತಿತ್ತು. ಯಾರನ್ನೂ ಕರೆಯಲಿಲ್ಲ. “ನನ್ನ ಪಾಠಾ ಉಳಸಾಕ ಬರ್ರಿ ಅಂತ ನಾನ ಹೆಂಗ ಕರೀಲ್ರಿ? ನಾಚಿಕಿ ಅನಿಸ್ತು. ಈಗ ನೋಡಿದ್ರ, ಕರೀಬೇಕಿತ್ತು.”

ರಾಮದುರ್ಗದ ಸಭಾಂಗಣದಲ್ಲಿ ಕಡೆಯ ಪಾಠ ಶುರುವಾಗುತ್ತದೆ. ಚದುರಿದವರು ಒಂದಾಗುವ ಬಗೆ ಹೇಗೆಂಬುದೇ ಇಂದಿನ ವಿಷಯ. ತಂಬಿಗೆ ಮುಂದಿನ ಬೆಂಚಿನಿಂದ ಹೊರಡುತ್ತದೆ. ಬುಡನಸಾಬರು ಒಂದೇ ಗುಟುಕು ಕುಡಿದು ದಾಟಿಸುತ್ತಾರೆ. ಆಮೇಲಿನವರೂ ಹಾಗೆಯೇ. ಯಾರೂ ಯಾರಿಗೂ ಹೇಳಿಲ್ಲ.

ಕೊನೆಯ ಬೆಂಚಿನಲ್ಲಿ ಕುಳಿತಿರುವ ಚನ್ನವ್ವ ಸುರೇಬಾನದವರು. ಕಾಲುವೆಯ ತುದಿಯಲ್ಲಿ ಅವರ ಹೊಲ. ತಂಬಿಗೆ ಕೈಗೆ ಬಂದಾಗ ಒಳಗೆ ಇಣುಕಿ ನೋಡುತ್ತಾರೆ. ಅರ್ಧದಷ್ಟು ನೀರಿದೆ. ಕುಡಿಯದೆ ಎದ್ದು ಬಂದು ಅದನ್ನು ಸಂಘಮಿತ್ರಾ ಅವರ ಕೈಗಿಡುತ್ತಾರೆ.

“ನೀವ ಕುಡೀರಿ ಬಾಯಾರ. ಸಭಾದ ದಿನಾ ನಿಮ್ಮ ಪಾಲಿಗಿ ಏನೂ ಉಳಸಲಿಲ್ಲ ನಾವು.”

ಸಂಘಮಿತ್ರಾ ತಂಬಿಗೆ ಎತ್ತಿ ಕುಡಿಯುತ್ತಾರೆ.

ಮಧ್ಯಾಹ್ನ ಬಸ್ಸಿಗೆ ಕಾಯುವಾಗ, ಮುಂದೆ ಏನು ಬಯಸುತ್ತೀರಿ ಎಂದು ಅವರನ್ನು ಕೇಳುತ್ತೇವೆ. ಖಾಲಿ ತಂಬಿಗೆಯನ್ನು ಚೀಲಕ್ಕೆ ಹಾಕಿ ಅದರ ಬಾಯಿ ಕಟ್ಟಿದ ಮೇಲೆ ಹೇಳುತ್ತಾರೆ:

“ಮಂದಿ ಯಾಕ ಕೂಡೂದಿಲ್ಲ ಅಂತ ವರ್ಷಾನಗಟ್ಟಲೆ ಹೇಳಿದೆ. ಹೆಂಗ ಕೂಡಬೇಕು ಅನ್ನೂದನ್ನ ಕಡೀಕ ಇಟ್ಟಿದ್ದೆ. ಮುಂದ ಯಾರರ ಈ ಪಾಠಾ ಮಾಡಿದ್ರ, ಇವತ್ತಿಂದು ಮೊದಲ ಹೇಳ್ಲಿ.”