ಫ್ಯೂಸು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದವರು

ನಮ್ಮ ಮೋಟಾರ್ ಸಾಬರು ಕರೆಂಟಿನ ಯಾವ ವಸ್ತುವನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬೆರಳು ಮಡಚಿ, ಕೈಯ ಹಿಂಬದಿಯಿಂದ ಮೆಲ್ಲಗೆ ತಾಗಿಸಿ ನೋಡುತ್ತಿದ್ದರು. ಅಲ್ಲಿನ ಚರ್ಮ ಹಳೆಯ ಸುಟ್ಟ ಕಲೆಗಳಿಂದ ಬೆಳ್ಳಬೆಳ್ಳಗಾಗಿತ್ತು. "ಅಂಗೈಲಿ ಮುಟ್ಟಿದ್ರೆ ಹಿಡ್ಕೊಂಡ್ಬಿಡ್ತದೆ. ಹಿಂಗೆ ಮುಟ್ಟಿದ್ರೆ ಒದ್ದು ಕಳಿಸ್ತದೆ. ಒದೆಸ್ಕೊಳ್ಳೋದೇ ವಾಸಿ" ಎನ್ನುತ್ತಿದ್ದರು.

ರಾಜಘಟ್ಟದ ಸುತ್ತಮುತ್ತ ಯಾರ ಬೋರ್‌ವೆಲ್ ಮೋಟಾರ್ ಕೆಟ್ಟರೂ ದೊಡ್ಡಬಳ್ಳಾಪುರದಿಂದ ಅವರೇ ಬರಬೇಕು. ಬಂದವರು ಮೊದಲು ಮೇನ್ ಆಫ್ ಮಾಡಿ, ಮೂರೂ ಫ್ಯೂಸು ಕಿತ್ತು, ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುವರು. ಆಮೇಲೆ ಕೆಲಸ. ಅಪ್ಪ ರೇಗಿಸುತ್ತಿದ್ದರು: "ಏನ್ ಸಾಬ್ರೇ, ಇಷ್ಟು ವರ್ಷ ಆಯ್ತು, ಇನ್ನೂ ಭಯಾನಾ?"

"ಭಯ ಇದ್ದಿದ್ದಕ್ಕೇ ಇಷ್ಟು ವರ್ಷ ಆಗಿರೋದು ಕಣಪ್ಪಾ."

ನನಗೆ ಆಗ ಭಯವಿರಲಿಲ್ಲ. ಡಿಪ್ಲೊಮಾ ಮುಗಿಸಿ ದಾಬಸ್‌ಪೇಟೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಹಟ ಮಾಡಿ ತೋಟಕ್ಕೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಆ ಡಬ್ಬಿಯೊಳಗೆ ಒಂದು ಸಿಮ್. ಅದಕ್ಕೆ ಫೋನ್ ಮಾಡಿದರೆ ಒಂದೇ ರಿಂಗಿಗೆ ಮೋಟಾರ್ ಶುರು, ಇನ್ನೊಮ್ಮೆ ಮಾಡಿದರೆ ಬಂದ್. ಸಾಬರು ಅದನ್ನು ಸುತ್ತು ಬಂದು ನೋಡಿ, "ಒಳ್ಳೇದೇ ಮಗಾ. ಆದ್ರೆ ಮೋಟಾರ್ ಹತ್ರ ನಿಂತಿರೋನು ಇದಕ್ಕೆ ಕಾಣ್ತಾನಾ?" ಎಂದು ಕೇಳಿದ್ದರು. ನಾನು ನಕ್ಕುಬಿಟ್ಟಿದ್ದೆ.

ಅಮ್ಮನಿಗೆ ಓದು ಬಾರದು. ಅಪ್ಪನನ್ನು ಊಟಕ್ಕೆ ಕರೆಯಲು ತೋಟದ ಬದುವಿಗೆ ಹೋಗಿ ಕೂಗುತ್ತಿದ್ದವಳು. ಅವಳಿಗೊಂದು ಬಟನ್ ಫೋನ್ ಕೊಡಿಸಿ, ಒಂದು ಗುಂಡಿ ಒತ್ತಿ ಹಿಡಿದರೆ ಅಪ್ಪನಿಗೆ, ಪಕ್ಕದ್ದು ಒತ್ತಿದರೆ ಮೋಟಾರಿಗೆ ಹೋಗುವಂತೆ ಮಾಡಿಕೊಟ್ಟೆ. ಗುರುತಿಗೆ ಅವಳೇ ತನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡಳು. ಗಂಡನಿಗೆ ಕೆಂಪು, ನೀರಿಗೆ ಹಸಿರು. ಊಟಕ್ಕೆ ಒಂದು ಮಿಸ್ಡ್ ಕಾಲ್, ಅಪ್ಪ ಮನೆಗೆ. ಊರಿಗೆಲ್ಲ ಹೇಳಿಕೊಂಡು ಹಿಗ್ಗಿದಳು.

ಒಂದು ರಜಾ ದಿನ ಮೋಟಾರ್ ನೀರೆತ್ತಲಿಲ್ಲ. ಸಾಬರು ಬಂದು ಮೇನಿಗೆ ಕೈ ಹಾಕುವಷ್ಟರಲ್ಲಿ ನಾನು ತಡೆದೆ. "ಮೇನ್ ತೆಗೀಬೇಡಿ ಸಾಬ್ರೇ, ಡಬ್ಬಿಗೆ ಮತ್ತೆ ಟವರ್ ಸಿಗೋಕೆ ಕಾಲು ಗಂಟೆ ಬೇಕು. ಫೋನಲ್ಲೇ ಆಫ್ ಮಾಡಿದ್ದೀನಿ."

ಅವರು ಜೇಬು ಮುಟ್ಟಿಕೊಂಡರು. ನನ್ನ ಮುಖ ನೋಡಿದರು. "ಓದಿರೋ ಮಗು ಹೇಳ್ತೈತೆ, ಆಗ್ಲಿ" ಎಂದರು. ಅವರು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಓದಿದವರ ಮಾತಿಗೆ ಎದುರಾಡುತ್ತಿರಲಿಲ್ಲ. ಕೈಯ ಹಿಂಬದಿ ತಾಗಿಸಿದರು, ಕರೆಂಟಿರಲಿಲ್ಲ. ತಂತಿ ಬಿಗಿಮಾಡತೊಡಗಿದರು.

ಡಬ್ಬಿಯಲ್ಲಿ ಹಸಿರು ದೀಪ ಮಿನುಗಿದ್ದನ್ನು ನಾನು ಕಂಡೆ. ಕೂಗಲು ಬಾಯಿ ತೆರೆಯುವ ಮೊದಲೇ ಟಕ್ ಎಂದಿತು. ಸಾಬರು ನೆಲಕ್ಕೆ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು, ಉಸಿರು ಕಾಣಲಿಲ್ಲ. ನಾನು ಮೇನ್ ಎಳೆದು ಅವರ ಎದೆಯ ಮೇಲೆ ಕೈಯಿಟ್ಟು ಒತ್ತಿದ್ದು ಎಷ್ಟು ಹೊತ್ತೋ ತಿಳಿಯದು. ಅವರು ಕೆಮ್ಮಿದ ಮೇಲೆಯೇ ಒತ್ತುವುದನ್ನು ನಿಲ್ಲಿಸಿದೆ.

ಆಸ್ಪತ್ರೆಗೆ ಸೇರಿಸಿ ಮನೆಗೆ ಬಂದು ಅಮ್ಮನ ಫೋನ್ ನೋಡಿದೆ. ಬೆವರಿಗೆ ಕಿತ್ತುಬಂದ ಬೊಟ್ಟುಗಳನ್ನು ಅವಳು ಅಂದು ಬೆಳಿಗ್ಗೆ ಮತ್ತೆ ಅಂಟಿಸಿದ್ದಳು, ಅದಲುಬದಲಾಗಿ. ಅಪ್ಪನನ್ನು ಊಟಕ್ಕೆ ಕರೆದಿದ್ದಳು, ಅಷ್ಟೇ. ಸುಮ್ಮನೆ ಸರಿಮಾಡಿಟ್ಟು, ಸಾಬರ ಹತ್ತಿರ ಹೋಗಿ ಎಲ್ಲ ಹೇಳಿ ಅತ್ತುಬಿಟ್ಟೆ.

"ಅಮ್ಮನಿಗೆ ಹೇಳ್ಬೇಡ ಮಗಾ" ಎಂದರು. "ಈಗ ತಾನೇ ಕಲ್ತವ್ರೆ. ಗೊತ್ತಾದ್ರೆ ಆಯಮ್ಮ ಫೋನೂ ಮುಟ್ಟಲ್ಲ, ಅನ್ನಾನೂ ಮುಟ್ಟಲ್ಲ. ನಾನೇ ಫ್ಯೂಸ್ ತೆಗೆಯೋದು ಮರೆತೆ ಅಂತೀನಿ. ನೀನೂ ಹಂಗೇ ಅನ್ನು."

ನಾನೂ ಹಾಗೇ ಅಂದೆ. ಅಮ್ಮನ ನೆಪದಲ್ಲಿ ನಾನೂ ಬಚಾವಾದೆ, ಅದು ನನಗೆ ಆಗಲೇ ಗೊತ್ತಿತ್ತು.

ಸಾಬರ ಬಲಗೈ ಮೊದಲಿನಂತಾಗಲಿಲ್ಲ. ಆದರೂ ಅವರು ಕೆಲಸ ಬಿಡಲಿಲ್ಲ. ಕೆಲಸವೇ ಅವರನ್ನು ಬಿಟ್ಟಿತು. "ಸಾಬ್ರಿಗೆ ವಯಸ್ಸಾಯ್ತು, ಫ್ಯೂಸ್ ತೆಗೆಯೋದೂ ಮರೀತಾರಂತೆ" ಎಂಬ ಮಾತು ಹಳ್ಳಿಯಿಂದ ಹಳ್ಳಿಗೆ ಹೋಯಿತು. ಜನ ಬೇರೆಯವರನ್ನು ಕರೆದರು.

ಕಳೆದ ವರ್ಷ ಅವರು ತೀರಿಕೊಂಡಾಗ ನಾವೆಲ್ಲ ಹೋಗಿದ್ದೆವು. ನಮ್ಮೂರಿನವರೊಬ್ಬರು ಹೇಳಿದರು: "ಒಳ್ಳೆ ಕೆಲ್ಸಗಾರ. ಕೊನೇಲಿ ಮರೆವು ಬಂದ್ಬಿಡ್ತು, ಪಾಪ." ಅವರ ಹೆಂಡತಿ ತಲೆ ತಗ್ಗಿಸಿದರು. ಇಲ್ಲ, ಅವರು ಎಂದೂ ಮರೆತವರಲ್ಲ ಎನ್ನಲು ನಾನು ಎದ್ದು ನಿಂತೆ. ಪಕ್ಕದಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಭಯವಾಯಿತು. ಮತ್ತೆ ಕೂತುಬಿಟ್ಟೆ.

ಈಗ ಬರೆದಿದ್ದೇನೆ, ಅಮ್ಮನಿಗೆ ಓದಲು ಬರುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ. ದಯವಿಟ್ಟು ಯಾರೂ ಅವಳಿಗೆ ಓದಿ ಹೇಳಬೇಡಿ.