ಕೊಡದೆ ತಂದ ಮೀನು

ಮದುವೆಯಾದ ಹೊಸತರಲ್ಲೇ ಬುರುಲ್ಚಾಗೆ ಒಂದು ವಿಷಯ ಗೊತ್ತಾಗಿಹೋಗಿತ್ತು. ಗಂಡ ಎಸೆನ್‌ಕುಲ್ ಹೊಳೆಗೆ ಹೋದ ದಿನ ಒಲೆಯ ಮೇಲೆ ನೀರಿಡಬಹುದು, ಆದರೆ ಮೀನನ್ನು ನಂಬಿ ಇಡಬಾರದು. ಅವನಿಗೆ ಮೀನು ಸಿಗುತ್ತಿರಲಿಲ್ಲ ಎಂದಲ್ಲ. ಆ ಕಣಿವೆಯಲ್ಲಿ ಅವನಷ್ಟು ಟ್ರೌಟ್ ಹಿಡಿದವರು ಇನ್ನೊಬ್ಬರಿರಲಿಲ್ಲ. ಹಿಡಿದದ್ದು ಮನೆಯವರೆಗೆ ಬರುತ್ತಿರಲಿಲ್ಲ, ಅಷ್ಟೆ.

ಆ ಕಡೆಯ ಪದ್ಧತಿಯಂತೆ, ಬೇಟೆಯಿಂದ ಮರಳುವವನಿಗೆ ಎದುರಾದವರು "ಶಿರಾಲ್ಗ" ಎಂದು ಕೂಗಿದರೆ ಕೈಯಲ್ಲಿದ್ದುದರಲ್ಲಿ ಅವರಿಗೂ ಪಾಲು. ಇಲ್ಲವೆಂದವನ ಕೈ ಒಣಗುತ್ತದೆ. ಮುಂದೆ ಬೆಟ್ಟವೂ ಹೊಳೆಯೂ ಅವನಿಗೆ ಏನನ್ನೂ ಕೊಡುವುದಿಲ್ಲ. ಬೇರೆಯವರು ಒಂದು ತುಂಡು ಕೊಯ್ದುಕೊಟ್ಟು ದಾರಿ ಹಿಡಿಯುತ್ತಿದ್ದರು. ಎಸೆನ್‌ಕುಲ್‌ಗೆ ಮೀನನ್ನು ತುಂಡು ಮಾಡಿ ಕೊಡುವುದು ನಾಚಿಕೆಯ ಕೆಲಸ. ಒಂದೇ ಇದ್ದರೂ ಇಡಿಯಾಗಿ ಕೊಟ್ಟು, ಒದ್ದೆ ಬೂಟುಗಳನ್ನು ಎಳೆದುಕೊಂಡು ಬರುತ್ತಿದ್ದ.

"ಇವತ್ತು ಯಾರ ಮನೇಲಿ ಹಬ್ಬ?" ಎಂದು ಬುರುಲ್ಚಾ ಬಾಗಿಲಲ್ಲೇ ಕೇಳುತ್ತಿದ್ದಳು.

"ಸೇತುವೆ ಹತ್ರ ಜಾಪಾರ್ ಸಿಕ್ಕಿದ."

"ಜಾಪಾರ್‌ಗೇನು, ನಿನ್ನ ಬೂಟಿನ ಸದ್ದು ಕೇಳಿಸಿದ್ರೆ ಸಾಕು, ಬಾಣಲೆ ಕಾಯಿಸೋಕೆ ಇಡ್ತಾನೆ. ಊರಿಗೆಲ್ಲ ನೀನು ಗಂಡ, ನನಗೊಬ್ಬಳಿಗೆ ಬಾಡಿಗೆಯವನು."

ಅದು ಬರೀ ತಮಾಷೆಯ ಮಾತೇನೂ ಆಗಿರಲಿಲ್ಲ. ಏಕೆಂದರೆ ಆ ಮೀನುಗಳಿಗೆ ಆಮಿಷವಾಗಿ ಗಾಳಕ್ಕೆ ಹಾಕುವ ಹುಸಿ ನೊಣಗಳನ್ನು ಕಟ್ಟುತ್ತಿದ್ದವಳು ಅವಳೇ. ಎಸೆನ್‌ಕುಲ್ ಸಾಮೂಹಿಕ ಬೇಸಾಯದ ಕಾಲದಲ್ಲಿ ಉಣ್ಣೆಯ ಲಾರಿ ಓಡಿಸಿದವನು. ಲಾರಿ ಕೈಬಿಟ್ಟುಹೋದ ಮೇಲೆ ನಾಲ್ಕಾರು ಕುರಿ ಮತ್ತು ಹೊಳೆ ಉಳಿದಿದ್ದವು. ಅವನ ಬೆರಳುಗಳು ದಪ್ಪ. ಗಾಳದ ಸಣ್ಣ ಕೊಕ್ಕೆಗೆ ನೂಲು ಸುತ್ತಿ, ನಾಯಿಯ ಕುತ್ತಿಗೆಯ ಕೂದಲು ಸೇರಿಸಿ, ಕೌಜುಗದ ಗರಿಯಿಂದ ರೆಕ್ಕೆ ಕಟ್ಟುವುದು ಅವನಿಂದಾಗದು. ಅವಳು ಮಾತಾಡುತ್ತಲೇ ಕಟ್ಟಿ, ಹಲ್ಲಿನಿಂದ ನೂಲು ಕಡಿದು, ಅವನ ಟೋಪಿಗೆ ಚುಚ್ಚುತ್ತಿದ್ದಳು. ನೀರು ಕದಡಿದ ದಿನಗಳಿಗೆಂದು ಅವನೇ ತವರದ ಚಮಚಗಳನ್ನು ಬಡಿದು, ನೀರಿನಲ್ಲಿ ಗಿರಗಿರ ತಿರುಗುವ ತಗಡು ಮಾಡಿಕೊಳ್ಳುತ್ತಿದ್ದ. ಅದನ್ನು ಕಂಡರೆ ಅವಳಿಗಾಗದು. "ಚಹಾಕ್ಕೆ ಸಕ್ಕರೆ ಇನ್ನು ಬೆರಳಲ್ಲೇ ಕಲಸ್ಕೊ. ಮೋಸ ಮಾಡೋದಾದ್ರೆ ಚೆಂದವಾಗಿ ಮಾಡ್ಬೇಕಪ್ಪ, ತಗಡು ತೋರಿಸಿ ಅಲ್ಲ."

ಹೀಗೆಯೇ ಇಬ್ಬರಿಗೂ ವಯಸ್ಸಾಯಿತು. ಒಂದು ವರ್ಷ ಬೇಸಿಗೆಯ ಕೊನೆಗೆ ಅವಳು ಊಟ ಬಿಟ್ಟಳು. ಜಿಲ್ಲಾ ಊರಿನ ಆಸ್ಪತ್ರೆಯಲ್ಲಿ ವೈದ್ಯರು ಎಸೆನ್‌ಕುಲ್‌ನನ್ನು ಒಬ್ಬನನ್ನೇ ಒಳಗೆ ಕರೆದರು. ಹೊಟ್ಟೆಯಲ್ಲಿ ಗಡ್ಡೆ, ಕೊಯ್ಯುವ ಹಂತ ದಾಟಿದೆ, ಹಿಮ ಕರಗುವವರೆಗೆ ಉಳಿದರೆ ದೊಡ್ಡದು ಎಂದರು. ರೋಗಿಗೆ ಇಂಥದ್ದನ್ನು ಹೇಳುವ ಪದ್ಧತಿ ಅಲ್ಲಿಲ್ಲ. ಗೊತ್ತಾದರೆ ಜೀವ ಬೇಗ ಸೋಲುತ್ತದೆ ಎಂದು ಎಲ್ಲರೂ ನಂಬಿದ್ದರು, ಎಸೆನ್‌ಕುಲ್ ಕೂಡ. ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದವಳ ಬಳಿ ಬಂದು, "ಹೊಟ್ಟೆ ಹುಣ್ಣಂತೆ. ಖಾರ ಮುಟ್ಟಬಾರದಂತೆ. ವಸಂತಕ್ಕೆ ಸರಿಹೋಗುತ್ತಂತೆ" ಎಂದ. ಪಕ್ಕದ ಕಣಿವೆಗೆ ಮದುವೆಯಾಗಿ ಹೋದ ಮಗಳಿಗೂ ಅಷ್ಟೇ ಹೇಳಿದ. ಅಂದಿನಿಂದ ಅವನಿಗೆ ಉಳಿದದ್ದು ಒಂದೇ ಕೆಲಸ: ಅವಳಿಗೆ ಗೊತ್ತಾಗದಂತೆ ನೋಡಿಕೊಳ್ಳುವುದು. ಕಣ್ಣು ತುಂಬಿ ಬಂದಾಗಲೆಲ್ಲ ಕುರಿಗಳ ಹತ್ತಿರ ಹೋಗಿ ನಿಲ್ಲುತ್ತಿದ್ದ. ಆ ಶರತ್ಕಾಲದಲ್ಲಿ ಕುರಿಗಳಿಗೆ ಹಿಂದೆಂದೂ ಇಲ್ಲದಷ್ಟು ಆರೈಕೆ ಸಿಕ್ಕಿತು.

ಒಂದು ಬೆಳಗ್ಗೆ ಬುರುಲ್ಚಾ ಕೌದಿಯೊಳಗಿಂದ, "ಮೀನಿನ ಸಾರಿದ್ದಿದ್ರೆ ಎರಡು ಗುಟುಕು ಕುಡೀತಿದ್ದೆ ಅನ್ಸುತ್ತೆ" ಎಂದಳು. ಹಾಲನ್ನೂ ಒಲ್ಲೆ ಎನ್ನುತ್ತಿದ್ದವಳು ತಾನಾಗಿ ಏನನ್ನಾದರೂ ಕೇಳಿ ಎಷ್ಟೋ ದಿನವಾಗಿತ್ತು. ಅವನು ಗಾಳದ ಕೋಲು ಎತ್ತಿಕೊಂಡ.

ಹೊಳೆಯಂಚಿನಲ್ಲಿ ಹೆಪ್ಪುಗಟ್ಟಿದ ನೀರು ಗಾಜಿನ ಚೂರುಗಳಂತೆ ಕಲ್ಲಿಗೆ ಅಂಟಿಕೊಂಡಿತ್ತು. ಮೇಲೆ ರಸ್ತೆಗಾಗಿ ಗುಡ್ಡ ಕಡಿಯುತ್ತಿದ್ದುದರಿಂದ ದೊಡ್ಡ ಹೊಳೆ ಬೂದಿಬಣ್ಣಕ್ಕೆ ತಿರುಗಿತ್ತು. ತಗಡು ಕಟ್ಟಿ ಎಸೆದ. ಅದು ತಿರುಗುತ್ತಾ ಬಂದು ಬರಿದಾಗಿಯೇ ಕಾಲ ಬಳಿ ನಿಂತಿತು. ಮಡುವಿನಿಂದ ಮಡುವಿಗೆ ಹೋದ. ಕೊನೆಗೆ ಬಂಡೆಯ ಸಂದಿಗೆ ಸಿಕ್ಕಿ ತಗಡೂ ಹೋಯಿತು. ಕತ್ತೆತ್ತಿದರೆ ಮೇಲಿನ ಕಮರಿಯಿಂದ ಇಳಿಯುವ ಕಿರುತೊರೆ ಮಾತ್ರ ಇನ್ನೂ ತಿಳಿಯಾಗಿತ್ತು. ಅದು ಕಡಿದಾದ ಏರು. ಅರವತ್ತು ದಾಟಿದ ಮೊಣಕಾಲಿಗೆ ಹೇಳಿದ್ದಲ್ಲ. ಹತ್ತಿದ.

ಟೋಪಿಯಲ್ಲಿ ಮೂರೋ ನಾಲ್ಕೋ ನೊಣಗಳು ಉಳಿದಿದ್ದವು. ಅವು ಮುಗಿದರೆ ಮತ್ತೆ ಕಟ್ಟುವವರಿಲ್ಲ. ಅದನ್ನು ಯೋಚಿಸಬಾರದೆಂದು ಬೇಗಬೇಗ ಗಂಟು ಹಾಕಿದ. ಬಿಸಿಲು ನೀರಿಗೆ ತಾಗುವವರೆಗೂ ಬಂಡೆಯ ಹಿಂದೆ ಕುಳಿತಿದ್ದು, ಆಮೇಲೆ ತೊರೆ ಕಿರಿದಾಗುವಲ್ಲಿ ನೊಣವನ್ನು ಹಗುರವಾಗಿ ಇಳಿಬಿಟ್ಟ. ನೊಣ ತೇಲುತ್ತಾ ಬಂತು. ನೆರಳೊಂದು ಅಡಿಯಿಂದೆದ್ದು, ಅದರ ಜೊತೆಯಲ್ಲೇ ಒಂದಿಷ್ಟು ದೂರ ಹಿಂದೆ ಸರಿದು, ಮೂಗಿನಿಂದ ಮುಟ್ಟಿ, ಬಿಟ್ಟು ಹೋಯಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಬಾಯಿ ತೆರೆಯಿತು. ದಡಕ್ಕೆ ತಂದಾಗ ಮೊಣಕೈ ಉದ್ದದ ಮೀನು, ಪಕ್ಕೆಯ ಕೆಂಪು ಚುಕ್ಕೆಗಳು ಆಗಷ್ಟೇ ಇಟ್ಟ ಹಾಗೆ ಹಸಿಯಾಗಿದ್ದವು. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಅತ್ತ. ಅಲ್ಲಿ ಕುರಿಗಳೂ ಇರಲಿಲ್ಲ.

ಊರೊಳಗಿನ ದಾರಿ ಬಿಟ್ಟು ಹಿಂಬದಿಯ ವಿಲೋ ಮರಗಳ ಮರೆಯಲ್ಲಿ ಬಂದ. ಆದರೆ ಅಲ್ಲಿ ಎದುರಿಗೆ ನುರ್ಜಾಮಲ್ ನಿಂತಿದ್ದಳು, ಜಾಪಾರ್‌ನ ಕಿರಿಯ ಸೊಸೆ, ತುಂಬಿದ ಬಸುರಿ, ಕೈಯಲ್ಲಿ ನೀರಿನ ಬಕೆಟ್. ಎಸೆನ್‌ಕುಲ್ ಮೀನನ್ನು ಕೋಟಿನೊಳಗೆ ತಳ್ಳಿದ.

"ಶಿರಾಲ್ಗ, ಅತಾ," ಎಂದಳು ಹುಡುಗಿ ನಗುತ್ತಾ. ಊರಿನ ಹಿರಿಯರೆಲ್ಲ ಅವಳಿಗೆ ಅತಾ, ಅಪ್ಪನ ಸಮಾನ. "ಬೆಳಗ್ಗೆಯಿಂದ ನಂಗೆ ಮೀನಿಂದೇ ಧ್ಯಾನ. ಅತ್ತೆ ಹತ್ರ ಹೇಳಿದ್ರೆ ಬೈತಾರೆ."

"ಏನೂ ಸಿಗಲಿಲ್ಲಮ್ಮ," ಎಂದ ಎಸೆನ್‌ಕುಲ್.

ಕೋಟಿನ ಕೆಳಗಿನಿಂದ ಬಾಲ ಇಣುಕುತ್ತಿತ್ತು. ಅವಳು ಬಾಲವನ್ನು ನೋಡಿದಳು, ಅವನ ಮುಖವನ್ನು ನೋಡಿದಳು. "ಹೋಗ್ಲಿ ಬಿಡಿ ಅತಾ, ಹೊಳೆ ಎಲ್ಲಿಗೆ ಓಡಿಹೋಗುತ್ತೆ," ಎಂದು ಬಕೆಟ್ ಎತ್ತಿಕೊಂಡಳು. ಅವನು ಕೋಟನ್ನು ಎದೆಗೊತ್ತಿಕೊಂಡು ಮುಂದೆ ನಡೆದ. ಆಸೆಪಟ್ಟ ಬಸುರಿಗೆ ಇಲ್ಲವೆಂದಿದ್ದ. ಜನ್ಮದಲ್ಲೇ ಮೊದಲ ಸಲ ಇಲ್ಲವೆಂದಿದ್ದ. ಆದರೂ ಮನೆ ಹತ್ತಿರವಾದಂತೆ ಹೆಜ್ಜೆಗಳು ಬೇಗಬೇಗ ಬಿದ್ದವು.

ಬುರುಲ್ಚಾ ಸಾರು ಕುಡಿದಳು. ಎರಡು ಗುಟುಕಲ್ಲ, ಬಟ್ಟಲಿನ ಅರ್ಧದಷ್ಟು. ಬಿಳಿಯ ಮಾಂಸದ ಎಳೆಯೊಂದನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು, "ಮೇಲಿನ ತೊರೇದು," ಎಂದಳು. ಅಂದು ಸಂಜೆ ಅವಳು ಗೋಡೆಗೊರಗಿ ಕುಳಿತು ನೆರೆಯವರ ಕುರಿತು ಕುಚೋದ್ಯ ಮಾಡಿದಳು. ವೈದ್ಯರೂ ತಪ್ಪುವುದುಂಟು ಎಂದುಕೊಂಡು ಎಸೆನ್‌ಕುಲ್ ನಿದ್ದೆ ಹೋದ.

ಮರುದಿನ ಮಧ್ಯಾಹ್ನ ನುರ್ಜಾಮಲ್ ಕರಿದ ಹಿಟ್ಟಿನ ಬಿಲ್ಲೆಗಳನ್ನೂ ಕೆನೆಯನ್ನೂ ತಂದಳು. ಹಾಸಿಗೆಯ ಪಕ್ಕದಲ್ಲಿ ಕಷ್ಟಪಟ್ಟು ಕುಳಿತು, "ಮೀನಿನ ಸಾರು ರುಚಿಯಾಗಿತ್ತಾ, ಅಪಾ?" ಎಂದಳು. ಅತಾ ಅಪ್ಪನಾದರೆ, ಅಪಾ ಅಮ್ಮ.

"ಮೀನು ತಂದದ್ದು ನಿಂಗೆ ಹೇಗೆ ಗೊತ್ತು?"

"ಅಯ್ಯೋ, ಶಿರಾಲ್ಗ ಅಂದ್ರೆ ಅತಾ ಕೋಟೊಳಗೆ ಬಚ್ಚಿಟ್ಟು ಏನೂ ಇಲ್ಲ ಅಂದ್ರು. ಬಾಲ ನನ್ನ ನೋಡಿ ನಗ್ತಾ ಇತ್ತು." ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಂಗೇನೂ ಬೇಜಾರಿಲ್ಲಪ್ಪ. ಅಪಾ ಮೇಲೆ ಇಷ್ಟೊಂದು ಪ್ರೀತಿ ಇದೆ ಅಂತ ಈಗ ಗೊತ್ತಾಯ್ತು."

ಬುರುಲ್ಚಾ ಕೂಡ ನಕ್ಕಳು. ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ಹರಸಿದಳು, ಖಾಲಿ ತಟ್ಟೆ ವಾಪಸ್ಸು ಕಳಿಸಬಾರದೆಂದು ಗಂಡನ ಕೈಯಿಂದ ಸಕ್ಕರೆ ಹಾಕಿಸಿದಳು. ಹುಡುಗಿ ಹೋದ ಮೇಲೆ ಒಲೆಯಲ್ಲಿ ಬೆರಣಿ ಉರಿಯುವುದನ್ನೇ ನೋಡುತ್ತಾ ಮಲಗಿದಳು. ಎಸೆನ್‌ಕುಲ್ ಬಾಗಿಲ ಕಡೆ ಹೆಜ್ಜೆಯಿಟ್ಟ.

"ಕುರಿ ಹತ್ರ ಹೋಗ್ಬೇಡ, ಮುದುಕಾ. ಇಲ್ಲಿ ಕೂತ್ಕೊ."

ಅವನು ಕುಳಿತ.

"ಬಸುರಿ ಹೆಂಗಸು ಕೇಳಿದ್ಲು, ಇಲ್ಲ ಅಂದ್ಯಾ?"

"ನೀನು ಕೇಳಿದ್ದೆಯಲ್ಲ."

"ಮಗಳು ಹುಟ್ಟಿದಾಗ್ಲೂ ಕೇಳಿದ್ದೆ. ಬಾಣಂತಿ ಇದ್ದೆ. ಆವತ್ತಿನದನ್ನ ಕುರಿ ಕಾಯೋನಿಗೆ ಕೊಟ್ಟು ಬಂದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಕೈ ಒಣಗಿದ್ರೂ ಸರಿ ಅಂತ ಸುಳ್ಳು ಹೇಳ್ಬೇಕಾದ್ರೆ, ಇದು ಹೊಟ್ಟೆ ಹುಣ್ಣಲ್ಲ. ಡಾಕ್ಟರು ಏನಂದ್ರು?"

"ವಸಂತಕ್ಕೆ..." ಎಂದು ಶುರುಮಾಡಿದ. ಮುಖ ಮುಚ್ಚಿಕೊಂಡ. ಅವಳು ಉತ್ತರಕ್ಕಾಗಿ ಮತ್ತೆ ಒತ್ತಾಯಿಸಲಿಲ್ಲ.

"ಯಾವಾಗಿಂದ ಗೊತ್ತು?"

"ಆಸ್ಪತ್ರೆಗೆ ಹೋದ ದಿನದಿಂದ."

"ಆಗ ನನ್ನ ಕೈಯಲ್ಲಿ ಬಲ ಇತ್ತು," ಎಂದಳು ಬುರುಲ್ಚಾ. ಆಗ ಮಾತ್ರ ಅವಳ ದನಿ ಒಡೆಯಿತು. "ಒಂದು ಮಾತು ಹೇಳಿದ್ದಿದ್ರೆ ಬಟ್ಟೆ ಎಲ್ಲಾ ಹರಿದಿಟ್ಟಿರ್ತಿದ್ದೆ. ನಮ್ಮಮ್ಮ ಹರಿದಿಟ್ಟು ಹೋದ್ಲು, ನಿಮ್ಮಮ್ಮ ಹರಿದಿಟ್ಟು ಹೋದ್ಲು. ನಾನೊಬ್ಬಳು ಬರಿಗೈಲಿ ಹೋಗ್ಲಾ? ಜನ ಏನಂದ್ಕೋಬೇಕು?"

ಸಾವಿನ ಮನೆಗೆ ಬಂದ ಹೆಂಗಸರಿಗೆಲ್ಲ ಒಂದೊಂದು ತುಂಡು ಹೊಸ ಬಟ್ಟೆ ಕೊಟ್ಟು ಕಳಿಸಬೇಕು. ವಯಸ್ಸಾದ ಹೆಂಗಸರು ಅದನ್ನು ತಮ್ಮ ಕೈಯಿಂದಲೇ ಹರಿದು, ಮಡಿಸಿ, ಯಾರಿಗೆ ಯಾವುದು ಎಂದು ಗಂಟು ಕಟ್ಟಿಟ್ಟು ಹೋಗುತ್ತಾರೆ. ಎಸೆನ್‌ಕುಲ್ ಇಷ್ಟು ದಿನ ಅವಳ ಜೀವದ ಬಗ್ಗೆ ಯೋಚಿಸಿದ್ದ. ಇದರ ಬಗ್ಗೆ ಅವನಿಗೆ ಹೊಳೆದೇ ಇರಲಿಲ್ಲ.

"ಪೆಟ್ಟಿಗೆ ತೆಗಿ," ಎಂದಳು.

ಅವನು ಪೆಟ್ಟಿಗೆಯ ಮೇಲೆ ಪೇರಿಸಿದ್ದ ಕೌದಿಗಳನ್ನು ಇಳಿಸಿ, ಕೆಳಗಿನಿಂದ ಬಟ್ಟೆಗಳನ್ನು ಹೊರತೆಗೆದ. ಹೂವಿನ ಚೀಟಿ ಬಟ್ಟೆ, ಹಸಿರು ಸ್ಯಾಟಿನ್, ಮಗಳ ಮದುವೆಯಲ್ಲಿ ಬಂದ ಕಡುಗೆಂಪು ಮಖಮಲ್. ಅವಳು ಚೀಟಿ ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಬಟ್ಟೆ ಹರಿಯಲಿಲ್ಲ. ಹಲ್ಲಿನಿಂದ ಕಚ್ಚಿ ಮತ್ತೆ ಎಳೆದಳು. ಆಮೇಲೆ ಅದನ್ನು ಅವನ ಮಡಿಲಿಗೆ ಹಾಕಿದಳು.

"ಒಂದು ಮೊಳಕ್ಕೆ ಒಂದು ಕಚ್ಚು ಹಾಕು. ಕತ್ತರಿ ಬೇಡ, ಕೈಯಲ್ಲೇ ಹರಿ. ಕತ್ತರಿಸಿದ್ದು ಸಲ್ಲೋದಿಲ್ಲ."

ಎಸೆನ್‌ಕುಲ್ ಎಳೆದ. ಬಟ್ಟೆ ಉದ್ದಕ್ಕೆ ಹರಿಯಿತು. ಅಷ್ಟು ಜೋರಾದ ಸದ್ದು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ತುಂಡನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ಸವರಿ, ಮಡಿಸಿದಳು.

"ಸೊಟ್ಟ ಬಂತು. ಇದು ಜಾಪಾರನ ಹೆಂಡ್ತಿಗಿರಲಿ, ಅವಳಿಗೆ ಕಣ್ಣು ಕಾಣಲ್ಲ. ಇನ್ನೊಂದು ನೆಟ್ಟಗೆ ಹರಿ."

ಅವನು ಇನ್ನೊಂದು ಹರಿದ. ಅದೂ ಸೊಟ್ಟಗೇ ಬಂತು. ಅವಳು ಅದನ್ನೂ ತೆಗೆದುಕೊಂಡು, ಮಡಿಸಿ, ಮೊದಲಿನದರ ಮೇಲಿಟ್ಟಳು.